ಅಮ್ಮ ಓದಿದ ತುಳು

ಮೊನ್ನೆ ರಾತ್ರಿ ತುಳು ವಿಕಿಪೀಡಿಯದ 'ಇತ್ತೀಚಿನ ಬದಲಾವಣೆಗಳು' ನೋಡ್ತಾ ಕೂತಿದ್ದೆ. ಅವವೇ ನಾಲ್ಕು ಹೆಸರುಗಳು. ಅದರಲ್ಲೊಂದು ನನ್ನದೇ :-)

ಹೊಸ ಭಾಷೆಗೆ ವಿಕಿಪೀಡಿಯ ಅಂದ ಕೂಡಲೇ ಸಿಗೋದಿಲ್ಲ. ಮೊದಲು 'ಇನ್‌ಕ್ಯುಬೇಟರ್' ಅನ್ನೋ ಜಾಗದಲ್ಲಿ ಮರಿ ಮಾಡಬೇಕು. ಕೆಲವು ತಿಂಗಳಾದರೂ ಬಿಡದೆ ಬರೆಯೋರು ಇರಬೇಕು, 'ಉಳಿಸಿ', 'ಹುಡುಕಿ' ಥರದ ಪದಗಳನ್ನೆಲ್ಲ ಅನುವಾದಿಸಬೇಕು, ಸಾಧ್ಯವಾದರೆ ಭಾಷೆ ಬಲ್ಲವರು ಯಾರಾದರೂ ನೋಡಿ ಇದು ಆ ಭಾಷೆಯೇ ಹೌದು ಅನ್ನಬೇಕು. ತುಳು ಅಲ್ಲಿ ಎಂಟು ವರ್ಷದಷ್ಟು ಕಾಲ ಕೂತಿತ್ತು. ಕೊಂಕಣಿ 2015ರಲ್ಲಿ ಹೊರಬಂತು, ತುಳು 2016ರ ಆಗಸ್ಟಿನಲ್ಲಿ. ಚಂಡೀಗಢದ ವಿಕಿ ಸಮ್ಮೇಳನದಲ್ಲಿ ಅದನ್ನು ಘೋಷಿಸಿದ ಸುದ್ದಿ ಓದಿ ಊರಿಗೆ ಫೋನು ಮಾಡಿದ್ದೆ. ಅಮ್ಮ "ಅದ್ರಲ್ಲಿ ಏನುಂಟು?" ಅಂದಿದ್ದಳು.

ಏನುಂಟು ಅನ್ನೋದೇ ಪ್ರಶ್ನೆ. ಎಲ್ಲರೂ ಕೇಳೋದು ಎಷ್ಟು ಲೇಖನ ಆಯ್ತು ಅಂತ. ಫಿಲಿಪ್ಪೀನ್ಸಿನ ಸೆಬುವಾನೋ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಬಹುಪಾಲು ಒಂದು ಬಾಟ್ ತಯಾರಿಸಿದ್ದು. ಇನ್ನು ಸ್ಕಾಟ್ಸ್ ಭಾಷೆಯದು ಇನ್ನೂ ಬೇಜಾರಿನ ಕಥೆ. ಆ ಭಾಷೆಯೇ ಬಾರದ ಅಮೆರಿಕದ ಹುಡುಗನೊಬ್ಬ ಹನ್ನೆರಡನೇ ವಯಸ್ಸಿಗೆ ಶುರು ಮಾಡಿ 20,000ಕ್ಕೂ ಹೆಚ್ಚು ಪುಟ ಬರೆದಿದ್ದ. ಇಂಗ್ಲಿಷಿಗೇ ಸ್ಕಾಟ್ಸ್ ಅಂಗಿ ತೊಡಿಸಿದ್ದು ಅಂತ ಜಗತ್ತಿಗೆ ಗೊತ್ತಾಗಿದ್ದು 2020ರಲ್ಲಿ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ ಪಾಪ.

ಅದನ್ನು ಓದಿ ನಗುವ ಹಾಗಿರಲಿಲ್ಲ. ಹಲಸಿನ ಹಣ್ಣಿನ ಬಗ್ಗೆ ನಾನು ಬರೆದ ತುಳು ಲೇಖನವನ್ನು ರಜೆಯಲ್ಲಿ ಅಮ್ಮನಿಗೆ ತೋರಿಸಿದ್ದೆ. ಕನ್ನಡಕ ಹಾಕ್ಕೊಂಡು ಎರಡು ಪ್ಯಾರಾ ಓದಿ "ಉಂದು ತುಳುನಾ?" ಅಂದಳು. ಪೋಷಕಾಂಶ, ಉಷ್ಣವಲಯ, ಪ್ರಮುಖವಾಗಿ... ಕನ್ನಡದ ಪದಗಳಿಗೆ ತುಳುವಿನ ಬಾಲ ಅಂಟಿಸಿಟ್ಟಿದ್ದೆ. ಗುಜ್ಜೆ ಇಲ್ಲ, ಪಚ್ಚಿಲ್ ಇಲ್ಲ, ಪೆಲತ್ತರಿ ಇಲ್ಲ. ಇನ್ನೊಂದು ಕಡೆ 'ಮಲ್ತೆ' ಅಂತ ಇದ್ದಲ್ಲಿ ನಿಂತು, ಮಾಡಿದ್ದು ನಾನೋ ಅವನೋ ಅಂತ ಕೇಳಿದಳು. ಬಾಯಲ್ಲಿ ಹೇಳಿದರೆ ಕೊನೆಯ ಎಕಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತೆ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ. 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೇನೋ ಸೇರಿತು. ಆದರೆ ಅಮ್ಮನಿಗೆ ಓದಲು ಬರೋದು ಕನ್ನಡ ಲಿಪಿಯೇ.

ಹಾಗಾಗಿ ಈಗ ನಾನು ಹೊಸ ಪುಟ ಮಾಡ್ತಿಲ್ಲ. ಬರೆದದ್ದನ್ನೇ ಒಂದೊಂದಾಗಿ ಅಮ್ಮನಿಗೆ ಓದಿ ಹೇಳಿ ತಿದ್ದುತ್ತಿದ್ದೇನೆ. ಗೆಳೆಯನೊಬ್ಬ "ಹೀಗಾದರೆ ಸಂಖ್ಯೆ ಏರೋದು ಯಾವಾಗ ಮಾರಾಯಾ" ಅಂತಾನೆ. ಏರದಿದ್ದರೆ ಬೇಡ. ಹಲಸಿನ ಪುಟ ಅರ್ಧಕ್ಕಿಳಿದಿದೆ, ಮಳೆಗಾಲಕ್ಕೆ ಪೆಲತ್ತರಿಯನ್ನು ಮಣ್ಣು ಸವರಿ ಎತ್ತಿಡೋದು ಹೇಗೆ ಅನ್ನೋ ಪ್ಯಾರಾ ಬಾಕಿ ಇದೆ. ಭಾನುವಾರ ಫೋನು ಮಾಡಿ ಕೇಳಬೇಕು.