ಮಗಳ ವಿಮಾನ, ನನ್ನ ಶನಿವಾರಗಳು

ಆರು ತಿಂಗಳು ಮಗಳ ಮನ್ಯಾಗ ಇದ್ದು ಹೋದ ವಾರ ಧಾರವಾಡಕ್ಕ ಹೊಳ್ಳಿ ಬಂದೇನಿ. ಬಂದಾಗಿಂದ ಎಲ್ಲಾರೂ ಕೇಳೋದು ಒಂದ ಪ್ರಶ್ನಿ: "ಅಲ್ಲರೀ ವೈನಿ, ನಿಮ್ಮ ಮಗಳು ಖರೇನ ವಿಮಾನ ಹಾರಸ್ತಾಳಂತ?" ಹೌದ್ರೀ, ಖರೇ. ಆದ್ರ ಲೈಸೆನ್ಸ್ ಇನ್ನೂ ಬಂದಿಲ್ಲ. ಯಾಕ ಬಂದಿಲ್ಲ ಅನ್ನೋದರಾಗ ನಂದೂ ಒಂದು ಪಾಲು ಅದ. ಅದನ್ನ ಹೇಳಿಬಿಟ್ರ ಮನಸ್ಸು ಹಗುರಾಗ್ತದ ಅಂತ ಇವತ್ತು ಬರೀಲಿಕ್ಕೆ ಕೂತೇನಿ.

ಮಗಳು ಇರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆದಾಗ. ಕೆಲಸ ಸಾಫ್ಟ್‌ವೇರ್. ಅಲ್ಲೆ ರೀಡ್-ಹಿಲ್‌ವ್ಯೂ ಅಂತ ಒಂದು ಸಣ್ಣ ವಿಮಾನ ನಿಲ್ದಾಣ ಅದ. ದೊಡ್ಡ ವಿಮಾನ ಅಲ್ಲಿಗೆ ಬರಂಗಿಲ್ಲ, ಎಲ್ಲಾ ಚಿಕ್ಕವು. ನಾಲ್ಕು ಮಂದಿ ಕೂಡೋ ಹಳೇ ಸೆಸ್ನಾ 172 ವಿಮಾನದಾಗ ಅಕಿ ಕಲೀತಾಳ. ಇದು ನೌಕರಿ ಸಲುವಾಗಿ ಅಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್ ಅಂದ್ರ ಮನಿಮಂದೀನ, ಗೆಳತ್ಯಾರನ್ನ ಕೂಡಿಸ್ಕೊಂಡು ಹಾರಬಹುದು, ಅದರಿಂದ ಪಗಾರ ಮಾತ್ರ ಗಳಸೋ ಹಂಗಿಲ್ಲ.

ನಾ ಮಾರ್ಚ್‌ದಾಗ ಹೋದೆ. ಏಪ್ರಿಲ್‌ದಾಗ ಒಂದಿನ ಅಕಿ ಮೊದಲನೇ ಸಲ ಒಬ್ಬಾಕೀನ ಹಾರಿದ್ಲು. ಕಲಸೋರು ಇಳಿದು ಬಾಗಲಾ ಹಾಕಿ ಈಚೆ ಬಂದು ನಿಂತ್ರು. ನಾನು, ಅಳಿಯ ಇಬ್ಬರೂ ಬೇಲಿ ಹೊರಗ. ಮೂರು ಸಲ ಏರಿದ್ಲು, ಮೂರು ಸಲ ಇಳಿದ್ಲು. ನಾ ಅಷ್ಟೂ ಹೊತ್ತು ರಾಯರ ಹೆಸರು ಬಿಟ್ಟು ಬ್ಯಾರೆ ಏನೂ ನೆನಸಲಿಲ್ಲ. ಇಳಿದ ಮ್ಯಾಲೆ ಕಲಸೋರು ಕತ್ರಿ ತಂದು ಅಕಿ ಅಂಗಿ ಬೆನ್ನಿನ ಕಡೆ ಒಂದು ತುಂಡು ಕತ್ತರಿಸಿ, ಅದರ ಮ್ಯಾಲೆ ತಾರೀಖು ಬರದುಕೊಟ್ರು. ಹಳೇ ಕಾಲದ ವಿಮಾನದಾಗ ಗುರುಗಳು ಹಿಂದ ಕೂತು ಅಂಗಿ ಜಗ್ಗಿ ಜಗ್ಗಿ ಹೇಳ್ತಿದ್ರಂತ. ಇನ್ನ ಜಗ್ಗೋ ಜರೂರಿ ಇಲ್ಲ ಅಂತ ಈ ಪದ್ಧತಿ ಬಂತಂತ.

"ಆತಲ್ಲಾ ಇನ್ನ, ಮುಗೀತು" ಅಂದೆ. ಮಗಳು ನಕ್ಕಳು. "ಅಮ್ಮಾ, ಈಗ ಶುರು ಆಗೇದ."

ಖರೇನೂ ಹಂಗ ಇತ್ತು. ಆ ದೇಶದ ನಿಯಮದ ಪ್ರಕಾರ ಕಡಿಮಿ ಅಂದ್ರ 40 ತಾಸು ಹಾರಿರಬೇಕು. ಹೆಚ್ಚಿನ ಮಂದಿಗೆ 60, 70 ತಾಸು ಹಿಡೀತದ. ಅಕೀದು ಆಗಿದ್ದು 24. ಇನ್ನೂ ರಾತ್ರಿ ಮೂರು ತಾಸು ಹಾರಬೇಕು, ಅದರಾಗ ಹತ್ತು ಸಲ ಇಳೀಬೇಕು. ಬರೇ ಮೀಟರ್ ನೋಡಿ ಹಾರೋದು ಕಲೀಬೇಕು. ಒಬ್ಬಾಕೀನ ದೂರದ ಊರಿಗೆ ಹೋಗಿ ಬರಬೇಕು. 60 ಪ್ರಶ್ನೆಯ ಲೇಖಿ ಪರೀಕ್ಷಾ, ಕಡೀಕೆ ಪರೀಕ್ಷಕರ ಮುಂದ ಬಾಯಿಮಾತಿನ ಪರೀಕ್ಷಾ, ಆಮ್ಯಾಲೆ ಅವರ ಜೋಡಿ ಹಾರಿ ತೋರಸೋದು.

ಈಗ ನನ್ನ ತಪ್ಪು ಹೇಳ್ತೀನಿ. ಅಕಿ ಹಾರೋದು ಶನಿವಾರ ಮುಂಜಾನೆ, ರವಿವಾರ ಒಮ್ಮೊಮ್ಮೆ. ನಂಗ ಆ ಬೇಲಿ ಹೊರಗ ಮತ್ತ ನಿಂದ್ರೋ ಧೈರ್ಯ ಇರಲಿಲ್ಲ. "ಬ್ಯಾಡ" ಅಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ರ ಜಗಳಾಗ್ತದ. ಅದರ ಬದಲಿ ಶನಿವಾರ ತುಂಬಿಸ್ಕೋತ ಹೋದೆ. ಒಂದು ಶನಿವಾರ ಸತ್ಯನಾರಾಯಣ ಪೂಜಾ, ಒಂದು ಶನಿವಾರ ನಮ್ಮ ಊರಿನವರ ಮನಿ ಊಟ, ಒಂದು ಶನಿವಾರ "ನನ್ನ ಮೊಣಕಾಲು ನೋಯ್ತದ, ಮನ್ಯಾಗ ಇರು". ಮೊಣಕಾಲು ಖರೇನ ನೋಯ್ತಿತ್ತು, ಆದ್ರ ಅಷ್ಟಲ್ಲ. ಅದರ ನಡುವ ಅಕೀಗೆ ಕಲಸೋರಿಗೆ ವಿಮಾನ ಕಂಪನಿಯಾಗ ನೌಕರಿ ಸಿಕ್ಕು ಹೋಗಿಬಿಟ್ರು. ಹೊಸಬರು ಸಿಗೋತನಕ ಐದು ವಾರ. ನಂಗ ಒಳಗಿಂದೊಳಗ ಭಾಳ ಸಮಾಧಾನ ಆತು. ದೇವರ ದಾರಿ ತೋರಿಸಿದಾ ಅಂದ್ಕೊಂಡೆ.

ಒಬ್ಬರ ಹಾರ್ಲಿಕ್ಕೆ ಗುರುಗಳು ಪುಸ್ತಕದಾಗ ಬರದುಕೊಡೋ ಒಪ್ಪಿಗಿ 90 ದಿನಕ್ಕಷ್ಟ. ಜುಲೈದಾಗ ಅದು ಮುಗೀತು. ಹೊಸ ಗುರುಗಳು ಸಿಕ್ಕ ಮ್ಯಾಲೆ ಹೋಗಿ ಹಾರಿದ್ಲು. ಸಂಜೀಕೆ ಬಂದಾಕಿ ಚಪ್ಪಲಿ ಸೈತ ಬಿಡದ ಸೋಫಾದ ಮ್ಯಾಲೆ ಕೂತು ಅತ್ಲು. ಇಳಿಯೋಮುಂದ ವಿಮಾನ ಚೆಂಡಿನಂಗ ಪುಟದು ಪುಟದು ಬಿತ್ತಂತ. ಗುರುಗಳು ಇದ್ರು ಅಂತ ಪಾರಾತು.

ನಾ ಅಂದೆ, "ಬಿಟ್ಟುಬಿಡವಾ. ಒಮ್ಮೆ ಒಬ್ಬಾಕೀನ ಹಾರಿಸಿದಿ, ಅಷ್ಟ ಸಾಕು."

ಅಕಿ ಕಣ್ಣು ಒರಸ್ಕೊಂಡು ಅಂದ್ಲು, "ಅಮ್ಮಾ, ಹಾರೋದಕ್ಕಿಂತ ನಡುವ ಬಿಟ್ಟು ಬಿಟ್ಟು ಹಾರೋದು ಅಪಾಯ. ನನ್ನ ಕೈ ಮರತುಬಿಟ್ಟದ, ಆದ್ರ ನನ್ನ ತಲಿ ಇನ್ನೂ 'ನಂಗ ಬರ್ತದ' ಅಂತದ."

ನನ್ನ ಮಾರೀಗೆ ಹೊಡದಂಗಾತು. ಯಾಕಂದ್ರ ನಂಗ ನನ್ನ ಲೂನಾ ನೆನಪಾತು.

1994ರಾಗ ನಮ್ಮಣ್ಣ ಕೆಸಿಡಿ ಮೈದಾನದಾಗ ನಂಗ ಲೂನಾ ಕಲಿಸಿದ್ದ. ಒಂದಿನ ಒಬ್ಬಾಕೀನ ಸುಭಾಸ ರೋಡಿಗೆ ಹೋಗಿ ಕಾಯಿಪಲ್ಯಾ ತಂದೆ. ಮನ್ಯಾಗ ಎಲ್ಲಾರೂ ಹೊಗಳಿದ್ದ ಹೊಗಳಿದ್ದು. ಆಮ್ಯಾಲೆ ಮಳಿಗಾಲ ಬಂತು, ಶ್ರಾವಣ ಬಂತು, ಹುಡುಗೀಗೆ ಜ್ವರಾ ಬಂತು. ನಾಲ್ಕು ತಿಂಗಳ ಮ್ಯಾಲೆ, "ಬರ್ತದಲ್ಲಾ ನಂಗ" ಅಂತ ಹತ್ತಿ ಕೂತೆ. ಸೀದಾ ಹೋಗಿ ಕಂಪೌಂಡ್ ಗ್ವಾಡಿಗೆ ಬಡದೆ. ಬಲಗೈ ಮಣಿಕಟ್ಟು ಮುರೀತು. ಮತ್ತೆಂದೂ ಗಾಡಿ ಮುಟ್ಟಲಿಲ್ಲ. ಇವತ್ತಿಗೂ ಪ್ಯಾಟಿಗೆ ಹೋಗ್ಬೇಕಂದ್ರ ಆಟೋಕ್ಕ ಕಾಯ್ತೀನಿ.

ಆ ರಾತ್ರಿ ಮಗಳಿಗೆ ಶನಿವಾರದ್ದೆಲ್ಲಾ ಹೇಳಿಬಿಟ್ಟೆ. ಮೊಣಕಾಲಿಂದೂ ಹೇಳಿದೆ. ಅಕಿ ಭಾಳ ಹೊತ್ತು ಮಾತಾಡಲಿಲ್ಲ. ಕಡೀಕೆ, "ಹೇಳಬೇಕಿತ್ತು ಅಮ್ಮಾ" ಅಂತ ಅಷ್ಟ ಅಂದು ಮಲಗಲಿಕ್ಕೆ ಹೋದ್ಲು. ನಂಗ ನಿದ್ದಿ ಬರಲಿಲ್ಲ.

ಮುಂದಿನ ವಾರ ಅಕಿ ಮಾಡಿದ್ದು ಇನ್ನೊಂದು ತಪ್ಪು. ಕಳದುಹೋದದ್ದೆಲ್ಲಾ ಒಮ್ಮೆಲೇ ಗಳಸ್ಬೇಕು ಅಂತ ಆಫೀಸ್ ಮುಗಿಸಿ ದಿನಾ ಸಂಜೀಕೆ ಓಡಿದ್ಲು. ಐದನೇ ದಿನ ಹೊಸ ಗುರುಗಳೇ ತಡದ್ರು. ವಾರಕ್ಕ ಮೂರು ದಿನ ಸಾಕು, ದಣದಾಗ ಹಾರಿದ್ರ ರೊಕ್ಕ ಸುಡ್ತದ, ಕಲಿಕಿ ಆಗಂಗಿಲ್ಲ. ಒಂದು ಸಲಕ್ಕ ಒಂದ ವಿಷಯ. ಇವತ್ತು ಅಡ್ಡಗಾಳ್ಯಾಗ ಇಳಿಯೋದು ಅಂದ್ರ ಅದ ಒಂದು. ಹಾರದ ದಿನ ಮನ್ಯಾಗ ಕುರ್ಚಿ ಮ್ಯಾಲೆ ಕೂತು ಕಣ್ಣುಮುಚ್ಚಿ ಎಲ್ಲಾ ಮನಸಿನಾಗ ಮಾಡ್ಬೇಕು. ನಂಗ ಇದು ಛಲೋ ತಿಳೀತು. ಜ್ವಾಳದ ರೊಟ್ಟಿ ಬಡಿಯೋದು ಹೆಂಗ ಕಲೀತೇವಿ? ಮೊದಲನೇ ದಿನಾನ ಇಪ್ಪತ್ತು ಬಡದ್ರ ರೆಟ್ಟಿ ಬಿದ್ದುಹೋಗ್ತಾವ. ತಿಂಗಳಿಗೊಮ್ಮೆ ಬಡದ್ರ ಪ್ರತಿ ಸಲ ಹರೀತದ. ದಿನಾ ಬಿಟ್ಟು ದಿನಾ ನಾಲ್ಕು ಬಡದ್ರ ಕೈಗೆ ತಾನ ಹತ್ತತದ.

ಕುರ್ಚಿ ಕೆಲಸಕ್ಕ ನಾನೂ ಸೇರಿದೆ. ಅಕಿ ಊಟದ ಟೇಬಲ್ ಮುಂದ ಕೂಡೋದು, ನಾ ಚೆಕ್‌ಲಿಸ್ಟ್ ಹಿಡದು ಒಂದೊಂದ ಓದೋದು, ಅಕಿ ಕೈ ಆಡಸಿ ತೋರಸೋದು. ಪಿಯುಸಿ ಇಂಗ್ಲಿಷ್ ಅಷ್ಟಕ್ಕ ಸಾಕಾತು. "ಮಿಕ್ಸ್ಚರ್ ರಿಚ್" ಅಂತ ಓದಿದಾಗ ನಂಗ ಡಬ್ಬ್ಯಾಗಿನ ಖಾರಾ-ಶೇವ್ ನೆನಪಾಗಿ ನಗು ಬಂತು. ಅದು ಪೆಟ್ರೋಲು-ಗಾಳಿ ಮಿಶ್ರಣ ಅಂತ. ಎರಡು ವಾರದಾಗ ನಂಗ ಆ ಪಟ್ಟಿ ಬಾಯಿಪಾಠ ಆತು. ಆಶ್ಚರ್ಯ ಅಂದ್ರ, ಅದರಾಗ ಏನೇನು ನೋಡ್ತಾರ ಅಂತ ತಿಳದ ಮ್ಯಾಲೆ ನನ್ನ ಹೆದರಿಕಿ ಅರ್ಧಾ ಕಡಿಮಿ ಆತು. ಐದು ಸಲ ಜೋಡಿ ಹಾರಿದ ಮ್ಯಾಲೆ ಗುರುಗಳು ಮತ್ತ 90 ದಿನಕ್ಕ ಸಹಿ ಮಾಡಿದ್ರು.

ಆಗಸ್ಟ್ ಕಡೀಕೆ ದೂರದ ಹಾರಾಟದ ದಿನ ಬಂತು. ಮರ್ಸೆಡ್‌ಗೆ ಹೋಗಿ, ಅಲ್ಲಿಂದ ಸ್ಯಾಲಿನಾಸ್, ಅಲ್ಲಿಂದ ಮನಿಗೆ. ಒಟ್ಟು 150 ನಾಟಿಕಲ್ ಮೈಲಿಗೆ ಕಡಿಮಿ ಇರಬಾರದು, ನಮ್ಮ ಲೆಕ್ಕದಾಗ ಸುಮಾರು 278 ಕಿಲೋಮೀಟರ್. ಸ್ಯಾಲಿನಾಸ್ ಸಮುದ್ರದ ಹತ್ತಿರ, ಅಲ್ಲೆ ಬ್ಯಾಸಿಗ್ಯಾಗ ಮುಂಜಾನೆ ಮೋಡ ನೆಲಕ್ಕ ಹತ್ತಿಧಂಗ ಕೂತಿರ್ತದ. ಮೋಡದೊಳಗ ಅಕಿ ಹೋಗೋ ಹಂಗಿಲ್ಲ, ಕೆಳಗ ನೆಲಾ ಕಾಣ್ಬೇಕು. ಮೊದಲನೇ ಶನಿವಾರ ಮೋಡ ತಿಳಿಯಾಗ್ಲಿಲ್ಲ. ಅಕಿ ಹಾರದ ಮನಿಗೆ ಬಂದು ಅವಲಕ್ಕಿ ತಿಂದು ಮಲಗಿದ್ಲು. ಆ ದಿನ ನಂಗ ಅಕಿ ಮ್ಯಾಲೆ ಇದ್ದ ಭರೋಸಾ ಒಬ್ಬಾಕೀನ ಹಾರಿದ ದಿನಾನೂ ಇರಲಿಲ್ಲ.

ಎರಡನೇ ಶನಿವಾರ ಹೋದ್ಲು. ಮರ್ಸೆಡ್‌ದಿಂದ ಫೋನ್ ಬಂತು, "ಇಳದೆ ಅಮ್ಮಾ." ಸ್ಯಾಲಿನಾಸ್‌ದಿಂದ ಬಂತು, "ಇಳದೆ." ನಾ ಬೇಲಿ ಹತ್ತಿರ ಹೋಗಿ ನಿಂತೆ. ಬಂದು ಇಳಿಯೋದು ನೋಡಿದೆ, ಒಂದ ಸಲ ಸಣ್ಣಗೆ ಪುಟೀತು.

ರಾತ್ರಿಯ ತಾಸು, ಕಡೀ ಪರೀಕ್ಷಾ ಇನ್ನೂ ಅವ. ಲೈಸೆನ್ಸ್ ಬಂದ್ರ ಮೊದಲ ನನ್ನನ್ನ ಕೂಡಿಸ್ಕೋತಾಳಂತ. ಹೂಂ ಅಂದೇನಿ.

ಅಲ್ಲೆ ಶನಿವಾರ ಮುಂಜಾನೆ ಒಂಬತ್ತು ಅಂದ್ರ ನಮ್ಮಲ್ಲೆ ರಾತ್ರಿ ಒಂಬತ್ತೂವರಿ. ಆ ಹೊತ್ತಿಗೆ ನಾ ಅಕೀಗೆ ಫೋನ್ ಮಾಡಂಗಿಲ್ಲ. ನೀವೂ ನಂಗ ಮಾಡಬ್ಯಾಡ್ರಿ, ಮಾತಾಡೋ ಮನಸ್ಸು ಇರಂಗಿಲ್ಲ. ಅಕೀ ಫೋನ್ ಬಂದ ಮ್ಯಾಲೆ ನಾನ ಮಾಡ್ತೀನಿ.