ಐಜದಲ್ಲಿ ಸೀಸನ್ ಶುರುವಾಗುವುದು ಯಾವಾಗ?

ಕರಾವಳಿಯ ನಮಗೆ ಸೀಸನ್ ಅಂದರೆ ತಾರೀಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಆಗಸ್ಟ್ 1ಕ್ಕೆ ಮತ್ತೆ ಕಡಲಿಗೆ. ನಮ್ಮ ಉಪ್ಪ ಪಂಪು, ಪೈಪಿನ ಅಂಗಡಿ ಇಟ್ಟಿರುವ ತೆಲಂಗಾಣದ ಐಜದಲ್ಲಿ ತಾರೀಕಿಗೆ ಬೆಲೆಯಿಲ್ಲ. ಕಾಲುವೆಗೆ ನೀರು ಬಂದಾಗಲೇ ಸೀಸನ್.

ಆ ನೀರು ಹೊರಡುವುದು ರಾಯಚೂರು ಜಿಲ್ಲೆಯ ರಾಜೋಳಿಬಂಡಾದಲ್ಲಿ, ತುಂಗಭದ್ರೆಗೆ ಕಟ್ಟಿದ ಒಡ್ಡಿನಿಂದ. ಊರವರ ಬಾಯಲ್ಲಿ ಅದು ಆರ್‌ಡಿಎಸ್ ಕಾಲುವೆ. ಯೋಜನೆಯ 17.1 ಟಿಎಂಸಿಯಲ್ಲಿ 15.9 ತೆಲಂಗಾಣಕ್ಕೆ, 1.2 ಕರ್ನಾಟಕಕ್ಕೆ. ಆದರೆ ಕಾಲುವೆಯ ಮೊದಲ 40ಕ್ಕೂ ಹೆಚ್ಚು ಕಿಲೋಮೀಟರ್ ಕರ್ನಾಟಕದ ಒಳಗೇ ಇದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಸಾಕು. ಆಮೇಲೆ ಹೊಸಪೇಟೆಯ ಜಲಾಶಯದಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕು, ತೆಲಂಗಾಣ ಕೇಳಬೇಕು, ತುಂಗಭದ್ರಾ ಮಂಡಳಿ ಬಿಡಬೇಕು.

"ನೀರು ಬಿಟ್ಟರು" ಎಂಬ ಸುದ್ದಿಗೆ ಉಪ್ಪ ತಲೆ ಎತ್ತುವುದಿಲ್ಲ. ಕೊನೆಯ ಹೊಲದ ರೈತ "ಬಂತು" ಅಂದರೆ ಮಾತ್ರ ನಂಬುತ್ತಾರೆ. ನಾನು ಡಿಪ್ಲೊಮಾದಲ್ಲಿ ಕಲಿತದ್ದೂ ಅದನ್ನೇ: ಪೈಪಿನ ಲೆಕ್ಕ ಅದರ ಕೊನೆಯಲ್ಲಿ.

ಕಾಲುವೆ ಒಣಗಿದ ವರ್ಷ ಬೋರ್‌ವೆಲ್ಲಿಗೆ ಪಂಪು ಕೇಳಿ ಬರುವವರು ಹೆಚ್ಚು, ಕೈಯಲ್ಲಿ ದುಡ್ಡಿರುವವರು ಕಡಿಮೆ. ಹಾಗಾಗಿ ನೀರು ಬರುವ ದಿನಕ್ಕೆ ರೈತನಷ್ಟೇ ನಾವೂ ಕಾಯುತ್ತೇವೆ. ನಮ್ಮ ಕಡದ ಪುಸ್ತಕ ಮುಚ್ಚುವುದೂ ಆ ಕಾಲುವೆಯಿಂದಲೇ.