ಗೋಡೆಗೊಂದು ಬಿಳಿ ಬೋರ್ಡು

ಒಂದು ವೈಟ್‌ಬೋರ್ಡ್ ಕೊಳ್ಳೋಕೆ ಇಷ್ಟೊಂದು ಯೋಚನೆಯೇ ಅಂತ ನೀವು ನಗಬಹುದು. ಆದರೆ ಭಾನುವಾರ ನಮ್ಮ ಹಾಲ್‌ನಲ್ಲಿ ಏಳು ಮಕ್ಕಳು ಕನ್ನಡ ಕಲಿಯಲು ಕೂರುತ್ತಾರೆ. ಎಲ್ಲರೂ ಕೋಲ್ಕತ್ತಾದಲ್ಲೇ ಹುಟ್ಟಿ ಬೆಳೆದವರು. 'ಕ' ಬರೆದರೆ ಬೆಂಗಾಲಿ ರೂಢಿಯಲ್ಲಿ 'ಕೊ' ಅಂತ ಓದುತ್ತಾರೆ. 'ಳ' ಬರೆಯಲು ಹತ್ತು ಸಲ ಅಳಿಸುತ್ತಾರೆ. ಅಳಿಸಿದ್ದು ಪೂರ್ತಿ ಅಳಿಯಬೇಕು, ಇಲ್ಲದಿದ್ದರೆ ಹಳೆಯ ತಪ್ಪಿನ ಮೇಲೇ ಹೊಸದನ್ನು ತಿದ್ದುತ್ತಾರೆ.

ಅಂಗಡಿಯಲ್ಲಿ ಕಂಡದ್ದು ಮೂರು ಬಗೆ. ಅಗ್ಗದ್ದು ಮೆಲಮೈನ್. ಕೆಲವು ತಿಂಗಳಲ್ಲೇ ಶಾಯಿ ಅದರೊಳಗೆ ಇಳಿಯುತ್ತದೆ. ನಮ್ಮ ಬ್ರಾಂಚ್‌ನಲ್ಲಿ ಮಾರ್ಚ್‌ನ ಡೆಪಾಸಿಟ್ ಟಾರ್ಗೆಟ್ ಜೂನ್‌ನಲ್ಲೂ ನೆರಳಿನಂತೆ ಕಾಣುತ್ತಿತ್ತು! ಜೊತೆಗೆ ನಮ್ಮ ಮನೆ ಇರುವುದು ಸದರ್ನ್ ಅವೆನ್ಯೂದಲ್ಲಿ (ಕಾಗದದ ಮೇಲೆ ಡಾ. ಮೇಘನಾದ ಸಹಾ ಸರಣಿ), ರವೀಂದ್ರ ಸರೋವರದ ಪಕ್ಕ. ಮಳೆಗಾಲದಲ್ಲಿ ಕರಿದ ಹಪ್ಪಳವೇ ಮೆತ್ತಗಾಗುವ ಜಾಗ. ಆ ಬೋರ್ಡಿನ ಹಿಂದಿನ ಒತ್ತಿದ ಮರದ ಹಲಗೆ ತೇವಕ್ಕೆ ಉಬ್ಬುತ್ತದೆ.

ನನ್ನ ಹೆಂಡತಿಗೆ ಗಾಜಿನದ್ದೇ ಇಷ್ಟ. "ರೀ, ಒರೆಸಿದರೆ ಕನ್ನಡಿ ಥರ ಇರುತ್ತೆ ನೋಡಿ" ಅಂದಳು. ನಿಜ, ಗಾಜಿನ ಮೇಲೆ ಕಲೆ ನಿಲ್ಲುವುದಿಲ್ಲ. ಆದರೆ 6 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 15 ಕೆಜಿ. ನಾಲ್ಕಡಿಗೆ ಮೂರಡಿ ಅಂದರೆ ಸುಮಾರು 17 ಕೆಜಿ. ನಮ್ಮದು ಸುಣ್ಣದ ಗಾರೆಯ ಹಳೇ ಗೋಡೆ, ಡ್ರಿಲ್ ಇಟ್ಟರೆ ಪುಡಿ ಉದುರುತ್ತದೆ. ಅದರ ಕೆಳಗೇ ಮಕ್ಕಳು ಕೂರುವುದು. ಮೇಲಾಗಿ ನಮ್ಮ ಅಯಸ್ಕಾಂತದ ಅಕ್ಷರಗಳು ಬರೀ ಗಾಜಿಗೆ ಅಂಟುವುದಿಲ್ಲ. ಹಿಂದೆ ಉಕ್ಕಿನ ತಗಡು ಇದ್ದರೂ ಬಲವಾದ ಪುಟ್ಟ ಅಯಸ್ಕಾಂತವೇ ಬೇಕು. ಅಂಥವನ್ನು ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ.

ಮೂರನೆಯದು ಸೆರಾಮಿಕ್ ಸ್ಟೀಲ್. ಉಕ್ಕಿನ ತಗಡಿನ ಮೇಲೆ ಗಾಜಿನಂಥ ಲೇಪವನ್ನು ಸುಮಾರು 800 ಡಿಗ್ರಿ ಶಾಖದಲ್ಲಿ ಸುಟ್ಟಿರುತ್ತಾರೆ. ಅಜ್ಜಿಯ ಕಾಲದ ಎನಾಮಲ್ ತಟ್ಟೆ ನೆನಪಿದೆಯಲ್ಲ, ಅದೇ ಜಾತಿ. ಜೋರಾಗಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. ಉಳಿದಂತೆ ಚೆನ್ನಾಗಿ ಅಳಿಯುತ್ತದೆ, ಅಯಸ್ಕಾಂತ ಹಿಡಿಯುತ್ತದೆ, ಗಾಜಿಗಿಂತ ಹಗುರ.

ಬೆಲೆ ಮಾತ್ರ ಮೆಲಮೈನ್‌ಗಿಂತ ಬಹಳ ಜಾಸ್ತಿ. ಬಿ.ಕಾಂ. ಓದಿದವನು ನಾನು, ಬೆಲೆಯನ್ನು ವರ್ಷಗಳಿಂದ ಭಾಗಿಸಲು ಕೂತೆ. ಆದರೆ ಎಷ್ಟು ವರ್ಷ? ಇಬ್ಬರು ಮಕ್ಕಳ ಅಪ್ಪಂದಿರಿಗೆ ಆಗಲೇ ವರ್ಗದ ಸೂಚನೆ ಬಂದಿದೆ. ನನ್ನ ರಿಟೈರ್‌ಮೆಂಟೂ ದೂರವಿಲ್ಲ. ಬೋರ್ಡ್ ಇಪ್ಪತ್ತು ವರ್ಷ ಬಾಳಿ, ಪಾಠ ಎರಡೇ ವರ್ಷಕ್ಕೆ ನಿಂತರೆ?

"ಇರೋರಿಗೆ ಸರಿಯಾಗಿ ಕಲಿಸಿ. ಮುಂದಿನವರು ತಾವಾಗೇ ಬರ್ತಾರೆ" ಅಂದಳು ಇವಳು.

ಸೆರಾಮಿಕ್ಕೇ ಆರ್ಡರ್ ಮಾಡಿದೆ. ಮೇಸ್ತ್ರಿಗೆ ಒಂದೇ ಮಾತು ಹೇಳಿದ್ದೇನೆ: ನನ್ನ ಎತ್ತರಕ್ಕಲ್ಲ, ಎಲ್ಲರಿಗಿಂತ ಚಿಕ್ಕ ಹುಡುಗಿಯ ಕೈಗೆ ಎಟುಕುವಂತೆ ಹೊಡೆಯಬೇಕು.